ತಡಮಾಡದೆ ಬಾ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳಿಸಬೇಕೆಂದು ಸಂಪಾದಕ ಮಂಡಲಿಯವರು ಪತ್ರ ಬರೆದಾಗ, ಶಾಲೆಯ ಬೆಳವಣಿಗೆ, ಪೂಜ್ಯರ ಕೃಪೆ, ದಾನಿಗಳ ಔದಾರ್ಯ ಮೊದಲಾದ ವಿಷಯಗಳನ್ನು ನನಗಿಂತ ಸಮರ್ಥರಾದವರು ಬರೆಯುವರೆಂದು ನನಗೆ ತಿಳಿದಿತ್ತು. 1979ರಿಂದ 2011ರವರೆಗೆ ಈ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ನನಗೆ ಅಷ್ಟಿಷ್ಟು ಗೊತ್ತಿರುವುದು ವ್ಯಾಕರಣ. ಆದುದರಿಂದ ವ್ಯಾಕರಣದ ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡಿದ್ದೇನೆ. ‘ಮಾಡಬೇಡ’ ಎಂದು ಒಬ್ಬರಿಗೆ ಹೇಳುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ಮಕ್ಕಳಿಗೆ ಮೂವತ್ತೆರಡು ವರ್ಷ ಕಲಿಸಿದೆ. ಆದರೆ ನಾನೇ ಅದನ್ನು ಸರಿಯಾಗಿ ಕಲಿತದ್ದು ನಿವೃತ್ತನಾದ ಮೇಲೆ, ಅದೂ ತುರ್ಕಿ ಭಾಷೆಯ ಮೊದಲ ಪಾಠಗಳಲ್ಲಿ, ಎಂದರೆ ಓದುಗರು ನಗಬಹುದು. ನಕ್ಕರೆ ಚಿಂತೆಯಿಲ್ಲ, ಲೇಖನವನ್ನು ಕೊನೆಯವರೆಗೆ ಓದಬೇಕೆಂದು ಮಾತ್ರ ಪ್ರಾರ್ಥನೆ.

ನನ್ನ ಮಗಳು ಮತ್ತು ಅಳಿಯ ಉದ್ಯೋಗ ನಿಮಿತ್ತ ಇಸ್ತಾಂಬುಲ್ ನಗರದಲ್ಲಿದ್ದರು. 2018ರ ಚಳಿಗಾಲದಲ್ಲಿ ನಾವು ವೃದ್ಧ ದಂಪತಿಗಳು ಅವರ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದೆವು. ಬಾಸ್ಪೊರಸ್ ಜಲಸಂಧಿಯ ಏಷ್ಯಾ ದಂಡೆಯ ಮೇಲಿರುವ ಕಡಿಕೊಯ್ ಎಂಬ ಭಾಗದಲ್ಲಿ ಅವರ ಮನೆ. ಮಲಪ್ರಭೆಯ ದಂಡೆಯ ಎರೆಹೊಲಗಳಲ್ಲಿ ಬೆಳೆದ ನನಗೆ ಆ ತಣ್ಣನೆಯ ಕಡಲಗಾಳಿ, ಆ ಏರಿಳಿತದ ಬೀದಿಗಳು ಎಲ್ಲವೂ ಹೊಸವು. ಹಗಲೆಲ್ಲ ಮಗಳು, ಅಳಿಯ ಕೆಲಸಕ್ಕೆ ಹೋಗುವರು. ಐದು ವರ್ಷದ ಮೊಮ್ಮಗಳು ಅಲ್ಲಿಯ ಬಾಲವಾಡಿಗೆ ಹೋಗಿ ಮಧ್ಯಾಹ್ನ ಮರಳುವಳು. ಅವಳೇ ನನ್ನ ಮೊದಲನೆಯ ತುರ್ಕಿ ಗುರು. ಅವಳ ಬಣ್ಣದ ಪೆಟ್ಟಿಗೆಯನ್ನು ಮುಟ್ಟಹೋದರೆ “ಅಜ್ಜಾ, ಯಪ್ಮಾ!” ಎಂದು ಕೂಗುವಳು. ‘ಯಪ್’ ಎಂದರೆ ಮಾಡು, ‘ಯಪ್ಮಾ’ ಎಂದರೆ ಮಾಡಬೇಡ. ಎರಡು ಭಾಷೆಗಳು ಅವಳ ನಾಲಗೆಯ ಮೇಲೆ ಕೂಡಿ ಆಡುತ್ತಿದ್ದವು. ಒಮ್ಮೊಮ್ಮೆ ಕನ್ನಡದ ಧಾತುವಿಗೇ ತುರ್ಕಿ ಪ್ರತ್ಯಯ ಹಚ್ಚಿ “ಅಜ್ಜಾ, ಮಾಡ್ಮಾ” ಎನ್ನುವಳು. ಆದರೆ ತಿನ್ನಬೇಡ ಎನ್ನುವಾಗ “ತಿನ್ಮೆ” ಎನ್ನುವಳು. ಒಂದು ಕಡೆ ‘ಮಾ’, ಇನ್ನೊಂದು ಕಡೆ ‘ಮೆ’ ಏಕೆಂದು ಕೇಳಿದರೆ, “ಹಂಗ ಅನ್ನೂದು ಅಜ್ಜಾ” ಎಂದು ಬಿಡುವಳು.

ಆ ‘ಏಕೆ’ಗೆ ಉತ್ತರ ದೊರೆತದ್ದು ನೆರೆಮನೆಯ ಮಹಿಳೆಯಿಂದ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಾನೂ ಶಿಕ್ಷಕನೆಂದು ತಿಳಿದ ದಿನದಿಂದ ನನ್ನನ್ನು ‘ಹೋಜಾಮ್’ ಎಂದು ಕರೆಯತೊಡಗಿದರು. ‘ನನ್ನ ಗುರುಗಳೇ’ ಎಂದು ಅದರ ಅರ್ಥ. ನಾನೂ ಅವರನ್ನು ಹಾಗೆಯೇ ಕರೆದೆ. ಸಂಜೆ ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಚಹಾ ಬರುವುದು. ಕಾಗದ, ಪೆನ್ಸಿಲ್ಲು ಮೇಜಿನ ಮೇಲಿರುವವು. ಮಗಳು ನಡುವೆ ಕುಳಿತು ದುಭಾಷಿಯ ಕೆಲಸ ಮಾಡುವಳು. ಹೀಗೆ ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಮತ್ತೆ ಬಿನ್ನೆತ್ತೆಯ ವಿದ್ಯಾರ್ಥಿಯಾದೆ.

ಅವರು ಕಲಿಸಿದ ನಿಯಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ತುರ್ಕಿಯಲ್ಲಿ ಕ್ರಿಯೆಯ ಧಾತುವೇ ಆಜ್ಞೆ. ‘ಗೆಲ್’ ಎಂದರೆ ಬಾ, ‘ಗಿತ್’ ಎಂದರೆ ಹೋಗು, ‘ಬಕ್’ ಎಂದರೆ ನೋಡು, ‘ಯಜ್’ ಎಂದರೆ ಬರೆ, ‘ಒಕು’ ಎಂದರೆ ಓದು. ನಮ್ಮಲ್ಲಿಯೂ ಇದೇ ಕ್ರಮ. ‘ಓದು’, ‘ನೋಡು’, ‘ಮಾಡು’ ಎಂಬ ಧಾತುಗಳನ್ನೇ ಎದುರಿಗಿದ್ದ ಒಬ್ಬನಿಗೆ ಹೇಳಿದರೆ ಆಜ್ಞೆಯಾಯಿತು. ಇನ್ನು ನಿಷೇಧಿಸಬೇಕಾದರೆ ಧಾತುವಿನ ಬೆನ್ನಿಗೆ ‘ಮಾ’ ಅಥವಾ ‘ಮೆ’ ಹಚ್ಚಬೇಕು. ಧಾತುವಿನ ಕೊನೆಯ ಸ್ವರವು ಎ, ಇ ಗಳಂತೆ ಬಾಯಿಯ ಮುಂಭಾಗದಲ್ಲಿ ಹುಟ್ಟುವುದಾದರೆ ‘ಮೆ’: ಗೆಲ್ಮೆ, ಗಿತ್ಮೆ. ಅ, ಒ, ಉ ಗಳಂತೆ ಹಿಂಭಾಗದಲ್ಲಿ ಹುಟ್ಟುವುದಾದರೆ ‘ಮಾ’: ಬಕ್ಮಾ, ಯಜ್ಮಾ, ಒಕುಮಾ. ಮೊಮ್ಮಗಳ ‘ಮಾಡ್ಮಾ’, ‘ತಿನ್ಮೆ’ಗಳು ಈ ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇದರಲ್ಲಿ ಬೆರಗಾಗುವಂಥದೇನೂ ಇಲ್ಲ. ನಮ್ಮ ಮಕ್ಕಳೂ ಯಾರೂ ಹೇಳಿಕೊಡದೆಯೇ ‘ಮರಕ್ಕೆ’, ‘ಊರಿಗೆ’, ‘ಮನೆಗೆ’ ಎಂದು ಹಿಂದಿನ ಶಬ್ದವನ್ನು ನೋಡಿ ಪ್ರತ್ಯಯವನ್ನು ಬದಲಾಯಿಸುವುದಿಲ್ಲವೇ?

ಹಿರಿಯರಿಗೆ ಅಥವಾ ಹಲವರಿಗೆ ಹೇಳುವಾಗ ಇನ್ನೊಂದು ತುಣುಕು ಸೇರುತ್ತದೆ: ‘ಗೆಲ್ಮೆಯಿನ್’ ಎಂದರೆ ಬರಬೇಡಿರಿ, ‘ಬಕ್ಮಾಯಿನ್’ ಎಂದರೆ ನೋಡಬೇಡಿರಿ. ಫಲಕಗಳ ಭಾಷೆ ಇನ್ನೂ ಗಂಭೀರ. ಅಲ್ಲಿಯ ಉದ್ಯಾನಗಳಲ್ಲಿ ‘ಚಿಮ್ಲೆರೆ ಬಸ್ಮಾಯಿನಿಜ್’, ಹುಲ್ಲನ್ನು ತುಳಿಯಬೇಡಿರಿ, ಎಂಬ ಹಲಗೆ ಕಾಣುತ್ತದೆ. ಎದುರಿಗಿಲ್ಲದವನ ಬಗ್ಗೆ ಹೇಳಬೇಕಾದರೆ ‘ಗೆಲ್ಮೆಸಿನ್’, ಅವನು ಬಾರದಿರಲಿ. ಇಷ್ಟು ಕಲಿತರೆ ನಿಷೇಧದ ಪಾಠ ಬಹುಮಟ್ಟಿಗೆ ಮುಗಿಯಿತು. ಒಂದೇ ಅಕ್ಷರದಿಂದ ಇಡೀ ಕ್ರಿಯೆ ಮಗುಚಿ ಬೀಳುವುದನ್ನು ಕಂಡು ನನಗೆ ಸಂತೋಷವೂ ಆಯಿತು, ಒಂದು ಬಗೆಯ ಹೆದರಿಕೆಯೂ ಆಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ‘ಮಾ’, ‘ಮೆ’ ಎಂಬ ಇವೇ ಅಕ್ಷರಗಳು ಧಾತುವನ್ನು ನಾಮಪದವನ್ನಾಗಿಯೂ ಮಾಡುತ್ತವೆ. ‘ಗೆಲ್ಮೆ’ ಎಂದರೆ ಬರಬೇಡ ಎಂದೂ ಆಗಬಹುದು, ಬರುವಿಕೆ ಎಂದೂ ಆಗಬಹುದು. ಬರವಣಿಗೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಧ್ವನಿಯಲ್ಲಿ. ಒತ್ತು ‘ಗೆಲ್’ ಮೇಲೆ ಬಿದ್ದರೆ ಬರಬೇಡ; ‘ಮೆ’ ಮೇಲೆ ಬಿದ್ದರೆ ಬರುವಿಕೆ. ಆ ಶಿಕ್ಷಕಿಯವರು ಇದಕ್ಕೆ ಕೊಟ್ಟ ಉದಾಹರಣೆಯನ್ನು ನಾನು ಮರೆಯಲಾರೆ. ತುರ್ಕಿಯಲ್ಲಿ ಸಾಕ್ಷರತೆಗೆ ‘ಒಕುಮಾ ಯಜ್ಮಾ’ ಎನ್ನುತ್ತಾರೆ. ಓದುವಿಕೆ, ಬರೆಯುವಿಕೆ ಎಂದು ಅದರ ಅರ್ಥ. ಮುಸ್ತಫಾ ಕೆಮಾಲರ ಆಳ್ವಿಕೆಯಲ್ಲಿ 1928ರಲ್ಲಿ ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಅಕ್ಷರಗಳನ್ನು ಅಂಗೀಕರಿಸಿದಾಗ, 1929ರಿಂದ ನಾಡಿನ ತುಂಬ ಜನತಾ ಶಾಲೆಗಳನ್ನು ತೆರೆದು ವಯಸ್ಕರಿಗೆ ಕಲಿಸಿದ್ದು ಇದೇ ‘ಒಕುಮಾ ಯಜ್ಮಾ’ವನ್ನು. ಅದನ್ನೇ ಒತ್ತು ಬದಲಿಸಿ ನುಡಿದರೆ ಏನಾಗುತ್ತದೆ? “ಓದಬೇಡ, ಬರೆಯಬೇಡ” ಎಂದಾಗುತ್ತದೆ! “ಹೋಜಾಮ್, ಶಾಲೆಯ ಎರಡೂ ಮುಖಗಳು ಇದೇ ಎರಡು ಶಬ್ದಗಳಲ್ಲಿವೆ, ಯಾವುದೆಂಬುದು ಶಿಕ್ಷಕನ ಧ್ವನಿಯ ಮೇಲೆ ನಿಂತಿದೆ” ಎಂದು ಅವರು ನಕ್ಕರು. ನಾನೂ ನಕ್ಕೆ. ಆ ದಿನ ನನಗೆ ಅದು ಬರಿಯ ವಿನೋದವಾಗಿ ಕಂಡಿತು.

ತುರ್ಕಿಗೂ ನಮ್ಮ ನುಡಿಗಳಿಗೂ ಇರುವ ಹೋಲಿಕೆಯನ್ನು ಗಮನಿಸಿದವರಲ್ಲಿ ನಾನು ಮೊದಲಿಗನೇನಲ್ಲ. ಬಿಷಪ್ ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ನಮ್ಮ ಭಾಷೆಗಳಿಗೆ ತುರ್ಕಿ ಮೊದಲಾದವುಗಳೊಡನೆ ನಂಟಿರಬಹುದೆಂದು ವಾದಿಸಿದ್ದರು. ಆ ನಂಟನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೂ ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವುದು, ಧಾತುವಿನ ಹಿಂದೆ ಪ್ರತ್ಯಯಗಳನ್ನು ಸಾಲಾಗಿ ಪೋಣಿಸುವುದು ಇವೆರಡರಲ್ಲಿಯೂ ಸಮಾನ. ಅಷ್ಟರಿಂದಲೇ ಕನ್ನಡಿಗನಿಗೆ ತುರ್ಕಿ ಬೇಗ ಒಗ್ಗುತ್ತದೆ.

ನಿಷೇಧದಲ್ಲಿ ಮಾತ್ರ ನಮ್ಮ ದಾರಿ ಬೇರೆ. ಕನ್ನಡವು ತುರ್ಕಿಯಂತೆ ಒಂದೇ ಅಕ್ಷರದಿಂದ ಕ್ರಿಯೆಯನ್ನು ತಡೆಯುವುದಿಲ್ಲ. ‘ಮಾಡಬೇಡ’ ಎನ್ನುವಲ್ಲಿಯ ‘ಬೇಡ’ಕ್ಕೆ ಬಯಸು ಎಂಬ ಅರ್ಥದ ‘ಬೇಡು’ ಧಾತುವೇ ಮೂಲ. ಮಾಡುವುದನ್ನು ಬಯಸುವುದಿಲ್ಲ ಎಂದು ಅದರ ತಾತ್ಪರ್ಯ. ‘ಮಾಡಬಾರದು’ ಎನ್ನುವಲ್ಲಿ ಇರುವುದು ‘ಬರು’ ಧಾತು. ಮಾಡಲು ಬರುವುದಿಲ್ಲ, ಎಂದರೆ ಉಚಿತವಾಗುವುದಿಲ್ಲ. ‘ಮಾಡಕೂಡದು’ ಎಂದರೆ ಅದು ಕೂಡಿ ಬರುವುದಿಲ್ಲ. ‘ಬೇಡ’ ಎಂಬುದು ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹೇಳುವ ಮಾತು. ‘ಬಾರದು’ ಎಂಬುದು ಲೋಕದ ರೂಢಿ ಹೇಳುವ ಮಾತು. ‘ಕೂಡದು’ ಎಂಬುದು ಕಟ್ಟಳೆಯ ಮಾತು. ಶಾಲೆಯ ಗೋಡೆಯ ಮೇಲೆ ‘ಬಾರದು’ ಬರೆಯುತ್ತೇವೆ; ಕಚೇರಿಯ ಬಾಗಿಲ ಮೇಲೆ ‘ಕೂಡದು’ ಬರೆಯುತ್ತಾರೆ; ಮಗುವಿನ ಎದುರು ಮಾತ್ರ ‘ಬೇಡ’ ಎನ್ನುತ್ತೇವೆ. ಅದರಲ್ಲಿಯೂ ನಮ್ಮ ತೊರಗಲ್ಲ ನಾಡಿನ ತಾಯಂದಿರು ಬರಿಯ ‘ಬ್ಯಾಡ’ವನ್ನು ಎಂದೂ ಒಂಟಿಯಾಗಿ ಬಿಡುವುದಿಲ್ಲ. ‘ಬ್ಯಾಡೋ’, ‘ಬ್ಯಾಡಪಾ’, ‘ಬ್ಯಾಡವಾ’, ‘ಬ್ಯಾಡ್ರಿ’ ಎಂದು ಅದರ ಬೆನ್ನ ಮೇಲೆ ಒಂದು ಕೈ ಇಟ್ಟೇ ಕಳಿಸುತ್ತಾರೆ.

ಇವುಗಳಿಗಿಂತ ಹಳೆಯದಾದ ಇನ್ನೊಂದು ರೂಪ ಹಳಗನ್ನಡದ್ದು: ‘ಮಾಡದಿರ್’. ಇಂದಿಗೂ ಗ್ರಂಥಭಾಷೆಯಲ್ಲಿ ‘ಮಾಡದಿರು’ ಎಂದು ಅದು ಉಳಿದಿದೆ. ಬಿಡಿಸಿ ನೋಡಿದರೆ ‘ಮಾಡದೆ ಇರು’. ಇದರಲ್ಲಿ ನಿಷೇಧ ಬಿದ್ದಿರುವುದು ಮೊದಲ ಅರ್ಧಕ್ಕೆ ಮಾತ್ರ. ಆಜ್ಞೆಯ ಭಾರವನ್ನು ಹೊತ್ತ ಕೊನೆಯ ಕ್ರಿಯೆ ‘ಇರು’. ಅದನ್ನು ಮಾಡದೆ ನೀನು ಇಲ್ಲಿಯೇ ಇರು ಎಂದು ಅದು ಹೇಳುತ್ತದೆ. ಈ ರೂಪವನ್ನು ನಾನು ಎಷ್ಟೋ ಸಲ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದ್ದೆ. ಅದು ನನ್ನ ಕಿವಿಗೆ ಮುಟ್ಟಿದ್ದು ಮಾತ್ರ ಇಸ್ತಾಂಬುಲಿನಲ್ಲಿ.

ಅದು ಹೀಗಾಯಿತು. ಒಂದು ಸಂಜೆ ಶಿಕ್ಷಕಿಯವರು ಸ್ವಂತ ವಾಕ್ಯಗಳನ್ನು ರಚಿಸಲು ಹೇಳಿದರು. ಶಿಕ್ಷಕನಿಗೆ ಶಾಲೆಯ ವಾಕ್ಯವೇ ಹೊಳೆಯುವುದು ಸಹಜ. ‘ತಡಮಾಡಿ ಬರಬೇಡ’ ಎಂಬುದನ್ನು ತುರ್ಕಿಯಲ್ಲಿ ಹೇಳಬೇಕೆನಿಸಿತು. ‘ಗೆಚ್’ ಎಂದರೆ ತಡವಾಗಿ. ‘ಗೆಲ್ಮೆ’ ಎಂದರೆ ಬರಬೇಡ. ಆದುದರಿಂದ ‘ಗೆಚ್ ಗೆಲ್ಮೆ’ ಎಂದು ಬರೆದು ಕಾಗದವನ್ನು ಅವರತ್ತ ಸರಿಸಿದೆ. ಅವರು ನೋಡಿ, ತಪ್ಪಿಲ್ಲ, ಅರ್ಥವಾಗುತ್ತದೆ ಎಂದರು. ಆಮೇಲೆ ಸ್ವಲ್ಪ ತಡೆದು ಪೆನ್ಸಿಲ್ಲು ತೆಗೆದುಕೊಂಡು ಕೆಳಗೆ ‘ಗೆಚ್ ಕಲ್ಮಾ’ ಎಂದು ಬರೆದರು. ‘ಕಲ್’ ಎಂದರೆ ಉಳಿ. ತಡವಾಗಿ ಉಳಿಯಬೇಡ, ಎಂದರೆ ತಡಮಾಡಬೇಡ. ಮಗಳು ಅವರ ಮಾತನ್ನು ಅನುವಾದಿಸಿ ಹೇಳಿದಳು: “ಸಾಮಾನ್ಯವಾಗಿ ನಾವು ಹೀಗೆ ಹೇಳುತ್ತೇವೆ, ಅಪ್ಪಾಜಿ. ಮಗುವಿಗೆ ಹೇಳುವಾಗ ‘ಬರಬೇಡ’ ಎಂಬ ಶಬ್ದ ಬಾಯಿಂದ ಬರುವುದು ಏಕೆ? ಬೇಡವಾದದ್ದು ತಡ, ಬರುವುದಲ್ಲವಲ್ಲ ಅಂತಾರೆ.” ಇನ್ನೂ ಒಳ್ಳೆಯದು ಬೇಕೆಂದರೆ ಎಂದು ಅವರು ಮೂರನೆಯ ವಾಕ್ಯವನ್ನೂ ಬರೆದರು: ‘ಗೆಜಿಕ್ಮೆದೆನ್ ಗೆಲ್’. ತಡಮಾಡದೆ ಬಾ.

ನನ್ನ ಕೈಯಲ್ಲಿದ್ದ ಚಹಾ ಆರಿ ಹೋಯಿತು. ಆ ಮೂರು ವಾಕ್ಯಗಳ ಎದುರು ನಾನು 1984ರ ಫೆಬ್ರುವರಿ ತಿಂಗಳಿಗೆ ಹೋಗಿ ನಿಂತಿದ್ದೆ.

ಆಗ ನಾನು ಎಂಟನೆಯ ಇಯತ್ತೆಯ ವರ್ಗಶಿಕ್ಷಕ. ಹೊಳೆಯಾಚೆಯ ಹಳ್ಳಿಯಿಂದ ದಿನವೂ ನಡೆದು ಬರುತ್ತಿದ್ದ ಒಬ್ಬ ಬಾಲಕನಿದ್ದ. ಗುಣವಂತ; ಅಕ್ಷರ ಮುತ್ತಿನಂತೆ; ಪದ್ಯವನ್ನು ಒಮ್ಮೆ ಕೇಳಿದರೆ ಬಾಯಿಪಾಠ. ಸಂಕ್ರಾಂತಿ ಕಳೆದ ಮೇಲೆ ಅವನು ದಿನವೂ ತಡವಾಗಿ ಬರತೊಡಗಿದ. ಪ್ರಾರ್ಥನೆ ಮುಗಿದು ಹಾಜರಿಯೂ ಮುಗಿದ ಮೇಲೆ ಬಾಗಿಲಲ್ಲಿ ನಿಂತಿರುವನು. ಅಂಗಿಯ ಮೇಲೆ ಹತ್ತಿಯ ಎಳೆಗಳು ಅಂಟಿರುವವು. ಏಕೆ ತಡ ಎಂದು ಕೇಳಿದರೆ ತಲೆ ತಗ್ಗಿಸುವನು. ಶಿಸ್ತಿನ ಶಿಕ್ಷಕನೆಂಬ ಹೆಸರು ಆಗ ನನಗೆ ಹೊಸದಾಗಿ ಬರತೊಡಗಿತ್ತು. ಅದರ ಹೆಮ್ಮೆಯೂ ಇತ್ತು. ಒಂದು ದಿನ ಇಡೀ ವರ್ಗದ ಎದುರು, “ನಾಳಿಂದ ತಡಾ ಮಾಡಿ ಸಾಲಿಗಿ ಬರಬ್ಯಾಡ” ಎಂದೆ. ‘ಬ್ಯಾಡಪಾ’ ಎನ್ನಲಿಲ್ಲ, ‘ಬ್ಯಾಡೋ’ ಎನ್ನಲಿಲ್ಲ. ಬರಿಯ ‘ಬ್ಯಾಡ’.

ನಾನು ಹೇಳಬೇಕೆಂದದ್ದು, ವೇಳೆಗೆ ಸರಿಯಾಗಿ ಬಾ ಎಂದು. ಆದರೆ ವಾಕ್ಯದಲ್ಲಿದ್ದುದು ಏನು? ‘ತಡಮಾಡಿ’ ಎಂಬುದು ನ್ಯೂನಕ್ರಿಯೆ. ‘ಬೇಡ’ ಹತ್ತಿಕೊಂಡಿರುವುದು ‘ಬರು’ ಎಂಬ ಪ್ರಧಾನ ಕ್ರಿಯೆಗೆ. ತಡಮಾಡಿದೆಯಾದರೆ ಬರಲೇಬೇಡ ಎಂದೂ ಆ ವಾಕ್ಯಕ್ಕೆ ಅರ್ಥವಿದೆ. ಬಾಲಕನು ಕೇಳಿದ್ದು ಅದನ್ನೇ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಟಮಾರಿತನವೆಂದು ನಾನೂ ಸುಮ್ಮನಾದೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವನ ಹೆಸರಿನ ಮುಂದೆ ಕೆಂಪು ಶಾಯಿಯಿಂದ ದೀರ್ಘ ಗೈರುಹಾಜರಿ ಎಂದು ಬರೆದೆ. ಆ ಬರಹ ನನ್ನದೇ.

ಮರುವರ್ಷ ಬನದ ಹುಣ್ಣಿಮೆಯ ಕಾಲಕ್ಕೆ ಸವದತ್ತಿಯ ಬಸ್ ನಿಲ್ದಾಣದಲ್ಲಿ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನಜಂಗುಳಿಯ ನಡುವೆ, ಒಬ್ಬ ತಾಯಿ ನನ್ನ ಗುರುತು ಹಿಡಿದು ನಮಸ್ಕರಿಸಿದಳು. ಆ ಬಾಲಕನ ತಾಯಿ ಎಂದು ತಿಳಿಯಿತು. ಮಗ ಎಲ್ಲಿ ಎಂದೆ.

“ಗೋವಾಕ್ಕ ಹೋಗ್ಯಾನ್ರಿ ಗುರುಗಳ, ಅವರ ಸ್ವಾದರಮಾವನ ಕೂಡ, ಗೌಂಡಿ ಕೆಲಸಕ್ಕ.”

“ಸಾಲಿ ಯಾಕ ಬಿಡಿಸಿದಿರವಾ?”

“ನಾವೆಲ್ಲಿ ಬಿಡಿಸೇವ್ರಿ? ತಡಾ ಆದ್ರ ಬರಬ್ಯಾಡ ಅಂತ ನೀವ ಹೇಳಿದ್ರಂತಲ್ರಿ. ಮುಂಜಾನೆ ಹತ್ತಿ ಬಿಡಿಸಿ ಬರೂದ್ರಾಗ ದಿನಾ ತಡಾ ಆಗತಿತ್ರಿ. ಗುರುಗಳ ಮಾತು ಮೀರಬಾರದು ಅಂತ ಅಂವಾ ಹೋಗಲಿಲ್ರಿ.”

ಅವಳ ಮಾತಿನಲ್ಲಿ ಆಕ್ಷೇಪಣೆಯ ಲೇಶವೂ ಇರಲಿಲ್ಲ. ಮಗ ಗುರುವಿನ ಮಾತನ್ನು ನಡೆಸಿದನೆಂಬ ಸಮಾಧಾನವೇ ಇತ್ತು. ಹತ್ತಿಯನ್ನು ಮಂಜಿನ ತಂಪು ಆರುವ ಮೊದಲೇ ಬಿಡಿಸಬೇಕು. ಬಿಸಿಲೇರಿದರೆ ಒಣಗಿದ ಎಲೆಯ ಚೂರು ಅರಳೆಗೆ ಹತ್ತಿಕೊಂಡು ದರ ಇಳಿಯುತ್ತದೆ. ರೈತರ ನಾಡಿನಲ್ಲಿ ಶಿಕ್ಷಕನಾಗಿದ್ದ ನಾನು ಇಷ್ಟನ್ನು ವಿಚಾರಿಸಿರಲಿಲ್ಲ. ಅದಕ್ಕಿಂತಲೂ ದೊಡ್ಡ ಪ್ರಮಾದವೆಂದರೆ, ನಮ್ಮ ಶಾಲೆಗೆ ಹೊಂದಿಕೊಂಡೇ ಉಚಿತ ಪ್ರಸಾದ ನಿಲಯವಿತ್ತು. ದಾನಿಗಳು ಕೊಟ್ಟ ಜೋಳದಿಂದ, ಹಳ್ಳಿ ಹಳ್ಳಿ ತಿರುಗಿ ತಂದ ಜೋಳಿಗೆಯ ಕಾಳಿನಿಂದ ಅದು ನಡೆಯುತ್ತಿದ್ದುದೇ ಇಂಥ ಮಕ್ಕಳಿಗಾಗಿ. ಅವನ ಮನೆಗೆ ಒಮ್ಮೆ ಹೋಗಿ ಬಂದಿದ್ದರೆ, ಪರೀಕ್ಷೆ ಮುಗಿಯುವವರೆಗಾದರೂ ಅವನಿಗೆ ಅಲ್ಲಿ ಇರಲು ಅನುಕೂಲ ಮಾಡಿಕೊಡುವುದು ಕಷ್ಟವೇನಿರಲಿಲ್ಲ. ‘ಇರು’ ಎನ್ನಲು ಸ್ಥಳವಿದ್ದಾಗ ನಾನು ‘ಬರಬೇಡ’ ಎಂದಿದ್ದೆ.

ಈ ಪ್ರಸಂಗವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಮಗಳಿಗೂ ಪೂರ್ತಿಯಾಗಿ ಹೇಳಲಿಲ್ಲ. ರಾತ್ರಿ ನಿದ್ರೆ ಬಾರದೆ ವಿಚಾರಿಸುತ್ತ ಮಲಗಿದೆ. ನಿಷೇಧವೇ ತಪ್ಪೆಂದು ಹೇಳುವಂತಿಲ್ಲ. ಬಸವಣ್ಣನವರ ಎಲ್ಲರೂ ಬಲ್ಲ ಒಂದು ವಚನ ನಿಷೇಧಗಳ ಸರಮಾಲೆಯೇ ಆಗಿದೆ. ಕಳವು, ಕೊಲೆ, ಹುಸಿ, ಮುನಿಸು, ಅನ್ಯರ ವಿಷಯದಲ್ಲಿ ಅಸಹ್ಯ, ಆತ್ಮಸ್ತುತಿ, ಪರನಿಂದೆ ಈ ಏಳನ್ನೂ ಅದು ಒಂದೊಂದಾಗಿ ಬೇಡವೆನ್ನುತ್ತದೆ. ಆದರೆ ಅಲ್ಲಿ ‘ಬೇಡ’ ಎಂಬುದು ಎಲ್ಲಿ ಹತ್ತಿದೆ ಎಂಬುದನ್ನು ನೋಡಬೇಕು. ಪ್ರತಿಯೊಂದು ಸಲವೂ ಅದು ದೋಷಕ್ಕೇ ಹತ್ತಿದೆ. ದೋಷವುಳ್ಳವನಿಗೆ ಬರಬೇಡ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. 1921ರಲ್ಲಿ ಅಂಗೀಕೃತವಾದ ತುರ್ಕಿಯ ರಾಷ್ಟ್ರಗೀತೆಯೂ ಒಂದು ನಿಷೇಧದಿಂದಲೇ ಆರಂಭವಾಗುತ್ತದೆಂದು ಆ ಶಿಕ್ಷಕಿಯವರು ಹೇಳಿದ್ದರು. ಅದರ ಮೊದಲ ಶಬ್ದಕ್ಕೆ ಅಂಜಬೇಡ ಎಂದು ಅರ್ಥ. ಅಲ್ಲಿಯೂ ತಡೆದಿರುವುದು ಅಂಜಿಕೆಯನ್ನು. ತಾಯಿ, ಗುರು, ಅನುಭಾವಿ ಯಾರೇ ಆಗಲಿ, ಬೇಡ ಎನ್ನುವಾಗ ಬೇಡವಾದದ್ದು ಯಾವುದೋ ಅದಕ್ಕೆ ಮಾತ್ರ ಆ ಶಬ್ದವನ್ನು ಹಚ್ಚಬೇಕು. ಅದು ಜಾರಿ ಪಕ್ಕದ ಕ್ರಿಯೆಗೆ ಹತ್ತಿದರೆ ಒಂದು ಜೀವನದ ದಿಕ್ಕೇ ಬದಲಾದೀತು. ಮುವತ್ತೆರಡು ವರ್ಷ ವ್ಯಾಕರಣ ಕಲಿಸಿ ನಾನು ಕಲಿತ ವ್ಯಾಕರಣ ಇಷ್ಟೇ.

ಮರಳಿ ಬಂದ ಮೇಲೆ ಶಾಲೆಗೆ ಹೋಗಿ, ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು ಹಳೆಯ ಹಾಜರಿ ಪುಸ್ತಕಗಳಿರುವ ಕಪಾಟನ್ನು ತೆಗೆಸಿದೆ. ಆ ವರ್ಷದ ಪುಸ್ತಕ ಸಿಕ್ಕಿತು. ಕೆಂಪು ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ. ಅವನ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಅವನ ಹಳ್ಳಿಗೂ ಹೋಗಿ ವಿಚಾರಿಸಿದೆ. ತಾಯಿ ತೀರಿಕೊಂಡು ಬಹಳ ವರ್ಷಗಳಾಗಿವೆ, ಮನೆ ಬಿದ್ದಿದೆ, ಮಗ ಗೋವೆಯಲ್ಲಿಯೇ ನೆಲೆಸಿರಬೇಕೆಂದು ಓಣಿಯವರು ಹೇಳಿದರು.

ಈ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಯಾದಿಯನ್ನು ಅಚ್ಚು ಹಾಕಲಾಗುತ್ತಿದೆಯೆಂದು ತಿಳಿದಿದ್ದೇನೆ. ವೈದ್ಯರು, ಇಂಜಿನಿಯರರು, ಅಧಿಕಾರಿಗಳು, ಪ್ರಗತಿಪರ ಕೃಷಿಕರು ಆ ಯಾದಿಯಲ್ಲಿರುವರು. ಅವರಲ್ಲಿ ಅನೇಕರು ನನ್ನ ಕೈಯಲ್ಲಿ ಕಲಿತವರೆಂಬ ಅಭಿಮಾನ ನನಗೂ ಇದೆ. ಆದರೆ ಆ ಯಾದಿ ಹತ್ತನೆಯ ಇಯತ್ತೆ ಮುಗಿಸಿದವರದು. ನಡುವೆ ಬಿಟ್ಟು ಹೋದವರೂ ಈ ಗಂಟೆಯ ನಾದವನ್ನು ಕೇಳಿದವರೇ, ಈ ಅಂಗಳದಲ್ಲಿ ಪ್ರಾರ್ಥನೆಗೆ ನಿಂತವರೇ ಅಲ್ಲವೇ? ಸಂಪಾದಕ ಮಂಡಲಿಯವರಲ್ಲಿ, ಶಾಲೆಯ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಬಿನ್ನಹವಿದೆ. ಹಾಜರಿ ಪುಸ್ತಕಗಳಿಂದ ಅಂಥವರ ಹೆಸರುಗಳನ್ನೂ ತೆಗೆದು, ಸಾಧ್ಯವಾದಷ್ಟು ಜನರಿಗೆ ಮುಂದಿನ ಸ್ನೇಹ ಸಮ್ಮೇಳನದ ಕರೆಯೋಲೆಯನ್ನು ಕಳಿಸಬೇಕು. ಪುಸ್ತಕಗಳನ್ನು ತಿರುವಿ ಪ್ರತಿ ಮಾಡುವ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ. ಕಣ್ಣು ಇನ್ನೂ ನೆಟ್ಟಗಿವೆ. ಅಂಚೆಯ ವೆಚ್ಚಕ್ಕೆ ನನ್ನ ನಿವೃತ್ತಿ ವೇತನದಿಂದ ಅಳಿಲಸೇವೆ ಸಲ್ಲಿಸಲು ಸಿದ್ಧನಿದ್ದೇನೆ.

ಇಂದಿನ ಶಿಕ್ಷಕ ಬಂಧುಗಳಿಗೂ ಒಂದು ಮಾತು. ಸುಗ್ಗಿಯ ದಿನಗಳಲ್ಲಿ ಬಾಗಿಲಲ್ಲಿ ತಡವಾಗಿ ನಿಂತ ಮಗುವಿಗೆ ಏನಾದರೂ ಹೇಳುವ ಮೊದಲು, ಅದರ ಅಂಗಿಯ ಮೇಲೆ ಏನು ಅಂಟಿದೆ ಎಂದು ನೋಡಿರಿ.

ಈ ಸಂಚಿಕೆ ಗೋವೆಯಲ್ಲಿಯೋ ಮತ್ತೆಲ್ಲಿಯೋ ಇರುವ ಆ ಹಳೆಯ ವಿದ್ಯಾರ್ಥಿಯ ಕೈಗೆ ಬಿದ್ದರೂ ಬೀಳಬಹುದು. ಅವನಿಗೆ ಈಗ ಐವತ್ತರ ಮೇಲಾಗಿರಬೇಕು. ಅವನಿಗೆ ನನ್ನ ವಾಕ್ಯವನ್ನು ತಿದ್ದಿ ಬರೆಯುತ್ತಿದ್ದೇನೆ: ತಡವಾಗಿದ್ದರೂ ಬಾರಪ್ಪಾ.